ಸಾಕ್ಷಿಯ ಬೆಂಚು

ಡೊಂಬಿವಲಿ ಸ್ಟೇಷನ್ನಿನ ಸೇತುವೆಯ ಮೇಲೆ ನಿಮ್ಮ ಕೊರಳಿನ ಚಿನ್ನದ ಬೋರಮಾಳ ಕಿತ್ತುಕೊಂಡು ಓಡಿದವನು ಇಲ್ಲಿದ್ದಾನೆಯೇ ಎಂದು ಸರ್ಕಾರಿ ವಕೀಲರು ಕೇಳಿದಾಗ ಮಹಾದೇವಕ್ಕ ಕಟಕಟೆಯಿಂದಲೇ ಇಡೀ ಕೋರ್ಟಿನ ಮೇಲೆ ಕಣ್ಣಾಡಿಸಿದಳು. ಕಳ್ಳನಿಗೆ ಜೈಲಾಗುವ ತನಕ ಬಿಡುವವಳಲ್ಲ ಎಂದು ಕಳವಾದ ದಿನವೇ ತನ್ನ ಬಿಲ್ಡಿಂಗಿಗೆಲ್ಲ ಸಾರಿದ್ದಳು. ಆದರೆ ಅಂದು ಆಕೆ ಕಂಡದ್ದು ಗದ್ದಲದೊಳಗೆ ಕರಗಿಹೋದ ಒಂದು ಬೆನ್ನು ಮಾತ್ರ.

ಹಿಂದೆ, ಆರೋಪಿಗಳು ನಿಲ್ಲುವಲ್ಲಿ, ಹೊರಗಿನ ಬೆಂಚಿನ ಮೇಲೆ ಆಕೆಯ ಜೊತೆ ಕಾಯುತ್ತಿದ್ದ ಹುಡುಗ ನಿಂತಿದ್ದ. ಆಕೆಯ ಮುಖ ಅರಳಿತು.

ಕಲ್ಯಾಣದ ಈ ಕೋರ್ಟಿಗೆ ಬರುವುದು, ಹೊರಗಿನ ಬೆಂಚಿನ ಮೇಲೆ ಕಾಯುವುದು, ಮುಂದಿನ ತಾರೀಖು ಹಿಡಿದು ಮರಳುವುದು ರೂಢಿಯಾಗಿತ್ತು. ಮೊದಲ ದಿನ ಫೋನಿನಲ್ಲಿ ಸೊಸೆಯ ಮುಂದೆ ಕೋರ್ಟನ್ನು ಬಯ್ಯುತ್ತಿದ್ದಾಗ ಪಕ್ಕದಲ್ಲಿದ್ದ ಇವನು ನಕ್ಕಿದ್ದ. ಅವನ ಅಜ್ಜಿ ಕರ್ನಾಟಕದ ಇಂಡಿ ಕಡೆಯವಳಂತೆ, ಅವಳಿಂದ ಕಲಿತ ಕನ್ನಡವಂತೆ. ಅಂದಿನಿಂದ ಅವನೇ ಮೇಷ್ಟ್ರು. ದೂರು ಠಾಣೆಯಲ್ಲಿ ಹುಟ್ಟಿ, ಆರೋಪಪಟ್ಟಿಯಾಗಿ ಕೋರ್ಟಿಗೆ ಬಂದು, ಸಾಕ್ಷಿಗಳ ದಾರಿ ಕಾಯುತ್ತ ಕೂರುತ್ತದೆ ಎಂದು ತನ್ನ ಹರಕು ಕನ್ನಡದಲ್ಲಿ ತಿಳಿಸಿದ್ದ. ಜಡ್ಜ್ ರಜೆಯಲ್ಲಿದ್ದರೆ ಬಾಗಿಲಲ್ಲೇ ಬಂದು ಹೇಳುತ್ತಿದ್ದ. ಆಕೆ ರೊಟ್ಟಿ, ಶೇಂಗಾಹಿಂಡಿ ಕೊಡುತ್ತಿದ್ದಳು. ನಿನ್ನದು ಯಾವ ಕೇಸೋ ತಮ್ಮಾ ಎಂದರೆ ಮಾತ್ರ, "ಸಣ್ಣದು, ಮಾವ್ಶಿ" ಎಂದು, ಮರಾಠಿಯವರು ಚಿಕ್ಕಮ್ಮನನ್ನು ಕರೆಯುವಂತೆ ಕರೆದು, ರೊಟ್ಟಿ ಮುರಿಯುತ್ತಿದ್ದ.

"ಅಲ್ಲ್ಯಾಕ ನಿಂತೀಯೋ?" ಕಟಕಟೆಯಿಂದ ಕನ್ನಡವೇ ಹೊರಬಿತ್ತು. ಅವನು ನೆಲ ನೋಡಿದ.

ವಕೀಲರು ಚುರುಕಾದರು. ಆರೋಪಿ ಹಿತೇಶನನ್ನು ಗುರುತಿಸುತ್ತೀರಾ ಎಂದರು. ಆ ಹೆಸರು ಇವನದೆಂದು ಆಕೆಗೆ ತಿಳಿದದ್ದೇ ಈಗ. ಗುರುತಿಸುತ್ತೇನೆ ಎಂದಳು ಮೆಲ್ಲಗೆ.

"ಎಲ್ಲಿ ನೋಡಿದ್ದು?"

ಟೈಪಿಂಗ್ ಸದ್ದು ನಿಂತು ಕಾಯಿತು. ಸೇತುವೆ ಎಂದರೆ ಮುಗಿಯುತ್ತಿತ್ತು. ಮಹಾದೇವಕ್ಕ ಆ ಬೆನ್ನನ್ನು ನೆನಪಿಗೆ ತಂದುಕೊಂಡಳು. ಅದಕ್ಕೆ ಯಾವ ಮುಖ ಕೂರಿಸಿದರೂ ಕೂರುತ್ತಿತ್ತು.

"ಹೊರಗ, ಬೆಂಚಿನ ಮ್ಯಾಲ."

ಆಕೆ ಹೊರಬಂದು ಎಷ್ಟೋ ಹೊತ್ತಿನ ಮೇಲೆ ಹಿತೇಶನೂ ಬಂದ. ಬೆಂಚಿನ ತುದಿಗೆ ಕೂತು, ಆಕೆಗೆಂದು ಜಾಗ ಬಿಟ್ಟ. ಮಹಾದೇವಕ್ಕ ನಿಂತೇ ಕೇಳಿದಳು.

"ಖರೇ ಹೇಳು ತಮ್ಮಾ. ನೀನಽ ಏನು?"

"ಇನ್ನೂ ಪೊಲೀಸರ ಸಾಕ್ಷಿ ಬಾಕಿ ಇದೆ, ಮಾವ್ಶಿ." ಅದೇ ಮೇಷ್ಟ್ರ ದನಿ. "ಅದು ಆದ ಮೇಲೆ ಜಡ್ಜ್ ಸಾಹೇಬ್ರು ನನಗೆ ಕೇಳ್ತಾರೆ. ಆರೋಪಿ ಮಾತು ಕೊನೆಗೇ."

ಪೊಲೀಸರಿಗೆ ಸಿಕ್ಕಿ, ಕೇಳಿದಾಗ ತರಬೇಕೆಂಬ ಬಾಂಡಿನ ಮೇಲೆ ಕೋರ್ಟು ಮರಳಿಸಿದ್ದ ಬೋರಮಾಳವನ್ನು ಜಡ್ಜರಿಗೆ ತೋರಿಸಲೆಂದೇ ಆಕೆ ಇಂದು ಹಾಕಿಕೊಂಡು ಬಂದಿದ್ದಳು. ಅದರ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಅವನ ಪಕ್ಕ ಕೂತು ರೊಟ್ಟಿಯ ಡಬ್ಬಿ ತೆರೆದಳು.