ಹೊಸ ಗಾಲಿ

"ಹಳೇ ಗಾಲಿ ತಗದ ಹೊಸಾದ ಹಾಕೀನಿ ಅಕ್ಕಾರ, ಬಿಲ್ಲಿನ ರೊಕ್ಕಾರ ಕೊಡ್ರಿ," ಎಂದ, ಹಿಂದಿನ ರಿಪೇರಿಯ ಬಿಲ್ಲು ಹಿಡಿದು ಬಂದ ಮೆಕ್ಯಾನಿಕ್ ದುಂಡೇಶ. ಆ ರಿಪೇರಿಯಾದ ಎರಡೇ ದಿನಕ್ಕೆ ಮೇವು ಕತ್ತರಿಸುವ ಮಷೀನು ಮತ್ತೆ ನಿಂತಿತ್ತು. ವಾರದಿಂದ ನಾಲ್ಕು ಎಮ್ಮೆಗಳಿಗೆ ಕುಡಗೋಲಿನಲ್ಲೇ ಮೇವು ಕತ್ತರಿಸಿ ತಾರವ್ವನ ಅಂಗೈ ತುಂಬ ಬೊಬ್ಬೆ. ಜಗಳಾಡಲೂ ತ್ರಾಣವಿರಲಿಲ್ಲ.

"ಹೊಸಾದಂದ್ರ ನೋಡೂಣ ತಡಿಯಪಾ," ಎಂದು ತಾನೇ ಮಷೀನಿನ ಮುಚ್ಚಳ ಎತ್ತಿದಳು. ರಿಪೇರಿಗೂ ಮೊದಲು, ಮಹಾನವಮಿ ಪೂಜೆಗೆ ಎಣ್ಣೆಯಲ್ಲಿ ಭಂಡಾರದ ಅರಿಶಿನ ಕಲಸಿ ಗಾಲಿಗೆ ಒತ್ತಿದ್ದ ಅವಳ ಐದು ಬೆರಳಿನ ಗುರುತು ಹಳದಿಯಾಗಿ ಅಲ್ಲೇ ಇದ್ದವು. ತಾರವ್ವ ಬೊಬ್ಬೆಯ ಕೈಯನ್ನು ಆ ಗುರುತಿನ ಮೇಲಿಟ್ಟಳು. ಸರಿಯಾಗಿ ಕೂತಿತು.

ದುಂಡೇಶ ಬಿಲ್ಲು ಮಡಚಿದ. "ನಾಳೆ ಖರೇನ ಹೊಸಾದ ತರ್ತೀನ್ರಿ."

"ತಾರಪಾ. ಅಲ್ಲೀತನಕಾ ಎಮ್ಮಿ ಉಪಾಸ ಇರಂಗಿಲ್ಲ," ಎಂದು ತಾರವ್ವ ಕುಡಗೋಲನ್ನು ಅವನ ಕೈಗಿಟ್ಟಳು.