ನಲ್ಲಿಯ ಪಕ್ಕದ ಅಭಿಮಾನಿ

ನಮ್ಮೂರ ಕಬಡ್ಡಿ ಹೀರೊನನ್ನು ನಾನು ನೋಡಿದರೆ ಅವನು ಔಟ್. ಗೆಳೆಯರು ಕಂಡುಹಿಡಿದ ಸತ್ಯವಿದು.

"ಆ ಫೈನಲ್ಲು! ನಾಲ್ಕು ಜನ ಮೈಮೇಲೆ ಬಿದ್ರೂ ಗೆರೆ ಮುಟ್ಟಿದ್ನಲ್ಲ!" ಎಂದು ಅವರು ಇಂದಿಗೂ ಮೈಮರೆಯುತ್ತಾರೆ. ಆಗ ನಾನು ಹೊರಗೆ ನಲ್ಲಿಯ ಪಕ್ಕ ನಿಂತಿದ್ದೆ. ಗೆಲ್ಲಿಸಿದ್ದು ನಾನೇ ಎಂದುಕೊಂಡಿದ್ದೇನೆ.

ನಿನ್ನೆ ಅವನ ವಿದಾಯದ ಪಂದ್ಯ. "ಇವತ್ತಾದ್ರೂ ನೋಡು ಮಾರಾಯ," ಎಂದರು. ನೋಡಿದೆ. ಮೊದಲ ರೈಡಿನಲ್ಲೇ ಸಿಕ್ಕಿಬಿದ್ದ. ಯಾರೂ ಹೇಳುವ ಮೊದಲೇ ನಾನೇ ಎದ್ದು ಹೊರಗೆ ಹೋದೆ.

ನಲ್ಲಿಯ ಬಳಿ ಮೈದಾನಕ್ಕೆ ಬೆನ್ನುಹಾಕಿ ಹೆಂಗಸೊಬ್ಬರು ನಿಂತಿದ್ದರು.

"ಆಟ ನೋಡಲ್ವಾ ಅಕ್ಕಾ?"

"ನಾನು ನೋಡಿದ್ರೆ ಅವರು ಔಟಾಗ್ತಾರಂತೆ."

"ಅಯ್ಯೋ, ನನ್ನದೂ ಅದೇ ಕಥೆ! ನಿಮಗೆ ಹೇಳಿದ್ದು ಯಾರು, ಫ್ರೆಂಡ್ಸಾ?"

"ಇಲ್ಲಪ್ಪ, ಅವರೇ. ಮದುವೆಯಾದ ಹೊಸದರಲ್ಲಿ."