ಎರಡು ಬಾಗಿಲ ಗೂಡು

ಕರೆಗಂಟೆ ಸದ್ದಾದಾಗ ಹುಲ್ಲಣ್ಣ ಮಗಳ ಹಳೆಯ ಮಂಚವನ್ನು ಅರ್ಧ ಕೊಯ್ದಿದ್ದ. ಹೆಂಡತಿ ಪರದೆ ಸರಿಸಿ ನೋಡಿದವಳೇ ಬಾಯಿಗೆ ಕೈ ಒತ್ತಿಕೊಂಡಳು.

"ರೀ, ನಿಮ್ಮ ಡಾಕ್ಟರ್ ಮೇಡಂ!"

ಗರಗಸ ಅಲ್ಲೇ ನಿಂತಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಮೇಡಂ ಒಮ್ಮೆಯೂ ಅವನ ಮನೆಗೆ ಬಂದವರಲ್ಲ. ಬರಲು ಕಾರಣವೂ ಇರಲಿಲ್ಲ. ಈ ಭಾನುವಾರ ಮಾತ್ರ ಇತ್ತು. ಆ ಕಾರಣ ರಟ್ಟಿನ ಪೆಟ್ಟಿಗೆಯಲ್ಲಿ ಕೂತು ಕ್ಯಾರೆಟ್ ಸಿಪ್ಪೆ ಕಡಿಯುತ್ತಿತ್ತು, ಒಂದಲ್ಲ, ಎರಡು.

ಔಷಧ ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಪ್ರಾಣಿಗಳಿಗೆ ಮೇವು ಹಾಕುವವನು ಅವನು. ಹುಲ್ಲು ಹೊತ್ತು ಹೊತ್ತೇ ಹುಲ್ಲಣ್ಣನಾದವನು. ಶುಕ್ರವಾರ ಒಂದು ಪರೀಕ್ಷೆ ಮುಗಿದಿತ್ತು. ಕೊನೆಯ ಸಾಲಿನಲ್ಲಿ ಉಳಿದದ್ದು ನಾಲ್ಕು ಗಿನಿಪಿಗ್‌ಗಳು, ಒಂದೇ ತಾಯಿಯ ಹೆಣ್ಣುಮರಿಗಳು. ಅವಕ್ಕೆ ಯಾವ ಔಷಧವನ್ನೂ ಕೊಟ್ಟಿರಲಿಲ್ಲ. ಹೋಲಿಸಿ ನೋಡಲೆಂದು ಸುಮ್ಮನೆ ಸಾಕಿದ್ದರು. ಆದರೂ ಪಟ್ಟಿಯಲ್ಲಿದ್ದ ಮೇಲೆ ಅವುಗಳ ಜೀವ ಮುಗಿಸಬೇಕು. ಕೊನೆಯ ಕೋಣೆಯ ಮೇಜಿನ ಮೇಲೆ ಇಟ್ಟು ಬರುವುದು ಅವನ ಕೆಲಸ. ಸೂಜಿ ಚುಚ್ಚುವುದು ಮೇಡಂ ಕೆಲಸ. ಅವನು ಅಲ್ಲಿ ಎಂದೂ ನಿಂತವನಲ್ಲ.

ಊಟದ ಚೀಲದಲ್ಲಿ ಹಿಡಿಸಿದ್ದು ಎರಡೇ. ಮೊದಲು ಕೈಗೆ ಸಿಕ್ಕವನ್ನು ಚೀಲಕ್ಕೆ ಹಾಕಿಕೊಂಡ. ಉಳಿದೆರಡನ್ನು ಬುಟ್ಟಿಯಲ್ಲಿ ಒಯ್ದು ಮೇಜಿನ ಮೇಲಿಟ್ಟು, ಬಟ್ಟೆ ಮುಚ್ಚಿ, ಹಿಂದಿರುಗಿ ನೋಡದೆ ಬಂದ. ಒಪ್ಪಿಸಿದ ಚೀಟಿಯಲ್ಲಿ ನಾಲ್ಕು ಎಂದೇ ಬರೆದ. ಮರುದಿನ ಮೇಡಂ ರಜೆ ಹಾಕಿದ್ದರು. ಜ್ವರ ಬಂದರೂ ರಜೆ ಹಾಕದವರು. ಎಲ್ಲೋ ಲೆಕ್ಕ ತಪ್ಪಿದ್ದು ಗೊತ್ತಾಗಿ ಮೇಲಿನವರ ಹತ್ತಿರ ಹೋಗಿರಬೇಕು ಎಂದು ಅವನು ಎಣಿಸಿದ್ದ.

ಮನೆಯಲ್ಲಿ ಅವಕ್ಕೆ ಜಾಗ ಹುಡುಕುವುದೇ ಒಂದು ರಗಳೆಯಾಯಿತು.

"ಹೆಸರಿಗೆ ಹಂದಿ, ಮುಖ ಇಲಿದು. ಅಡುಗೆಮನೇಲಿ ಖಂಡಿತ ಬೇಡ," ಎಂದಿದ್ದಳು ಹೆಂಡತಿ.

"ಒಲೆ ಹೊಗೆ ಅವಕ್ಕೂ ಆಗಲ್ಲ ಕಣೇ."

ಬಾಲ್ಕನಿಯಲ್ಲಿ ಮಧ್ಯಾಹ್ನದ ಬಿಸಿಲು. ಸಾಲದ್ದಕ್ಕೆ ಪಕ್ಕದ ಮನೆಯ ಬೆಕ್ಕು. ಅವಳು ಅಂಗಡಿಯಿಂದ ತಂತಿಯ ಪಂಜರ ತರೋಣ ಎಂದಾಗ ಅವನು ಒಪ್ಪಲಿಲ್ಲ. "ತಂತಿ ಮೇಲೆ ನಿಂತೂ ನಿಂತೂ ಅಂಗಾಲು ಹುಣ್ಣಾಗುತ್ತೆ. ಅಲ್ಲಿ ಕಣ್ಣಾರೆ ನೋಡಿದೀನಿ." ಕೊನೆಗೆ ಗಾಳಿ ನೇರವಾಗಿ ಬೀಸದ ನಡುಮನೆಯ ಮೂಲೆ ಗೊತ್ತಾಯಿತು. ಮಗಳು ಮದುವೆಯಾಗಿ ಹೋದ ಮೇಲೆ ಖಾಲಿ ಬಿದ್ದಿದ್ದ ಮಂಚದ ಹಲಗೆ ಬಂತು. ಓಡಾಡಲು ನಾಲ್ಕಡಿ ಉದ್ದ, ಎರಡಡಿ ಅಗಲ, ಒಳಗೆ ಅವಿತುಕೊಳ್ಳಲು ಒಂದು ಪುಟ್ಟ ಗೂಡು. ಗೂಡನ್ನು ಮೊದಲೇ ಮಾಡಿ ಮುಗಿಸಿದ್ದ.

ಅಳತೆ ಸರಿಯಿತ್ತು. ಮನಸ್ಸು ಸರಿಯಿರಲಿಲ್ಲ.

"ತಂದಿದ್ದಾಯ್ತಲ್ಲ, ಇನ್ನೂ ಯಾಕೆ ಭಯ?" ಹೆಂಡತಿ ಕೇಳಿದ್ದಳು.

"ಭಯ ಅಲ್ಲ ಕಣೇ. ಅಲ್ಲೇ ಬಿಟ್ಟು ಬಂದೆನಲ್ಲ, ಅವೂ ನನ್ನ ಕೈಯಿಂದಾನೇ ತಿಂದು ಬೆಳೆದಿದ್ದು."

ಈಗ ಮೇಡಂ ಒಳಗೆ ಬಂದು ನಿಂತಿದ್ದರು. ಕಣ್ಣು ಕೆಂಪಗಿದ್ದವು. ಹೆಂಡತಿ ನೀರು ತರಲೆಂದು ಫ್ರಿಜ್ ಬಾಗಿಲು ತೆಗೆದಳು. ಆ ಸದ್ದಿಗೇ ಕಾದಿದ್ದಂತೆ ಪೆಟ್ಟಿಗೆಯೊಳಗಿಂದ ಎರಡು ಸಿಳ್ಳೆ ಕೇಳಿದವು.

ಮೇಡಂ ತಿರುಗಿ ನೋಡಿದರು. ಮುಚ್ಚಿಡಲು ಇನ್ನೇನೂ ಉಳಿಯಲಿಲ್ಲ.

"ತಪ್ಪಾಯ್ತು ಮೇಡಂ."

ಅವರು ಪೆಟ್ಟಿಗೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಬಗ್ಗಿ ನೋಡಿದರು. "ಶುಕ್ರವಾರದಿಂದಾನಾ?"

"ಹೌದು."

"ಶುಕ್ರವಾರದಿಂದ ನನಗೂ ನಿದ್ದೆ ಇಲ್ಲ."

ವಿಚಾರಣೆ ಶುರುವಾಯಿತು ಎಂದುಕೊಂಡ ಹುಲ್ಲಣ್ಣ. ನಿವೃತ್ತಿಗೆ ಇನ್ನು ಮೂರೇ ವರ್ಷವಿತ್ತು. ಮೇಡಂ ಗೇಣು ಹಾಕಿ ಹಲಗೆ ಅಳೆದರು. ಚೀಲದಿಂದ ಚೀಟಿ ತೆಗೆದು ಬರೆದುಕೊಂಡರು.

"ಈ ಗೂಡಿಗೆ ಎರಡು ಬಾಗಿಲು ಯಾಕೆ?"

"ಒಂದೇ ಇದ್ರೆ, ಒಂದು ಅಡ್ಡ ಕೂತಾಗ ಇನ್ನೊಂದು ಒಳಗೇ ಸಿಕ್ಕಿಕೊಳ್ಳುತ್ತೆ ಮೇಡಂ. ಹೆದರಿದ ಪ್ರಾಣಿಗೆ ಓಡೋಕೆ ದಾರಿ ಇರಬೇಕು."

"ತಂಪು ನೆಲದ ಮೇಲಿದ್ರೆ?"

"ಶೀತ ಹಿಡಿಯುತ್ತೆ. ಅವು ಒಂದ್ಸಲ ಮಲಗಿದ್ರೆ ಏಳೋದು ಕಷ್ಟ."

ಮೇಡಂ ಮುಖ ಬಿಳಿಚಿಕೊಂಡಿತು. ಅದನ್ನು ಅವನು ಕೋಪವೆಂದು ತಿಳಿದ.

"ತಿನ್ನದೇ ಎಷ್ಟು ಹೊತ್ತು ಇರ್ತಾವೆ?"

"ಒಂದು ದಿನಾನೂ ತಡೆಯಲ್ಲ. ಒಣಹುಲ್ಲು ಸದಾ ಮುಂದೆ ಇರಬೇಕು."

ಹೆಂಡತಿಗೆ ತಡೆಯಲಾಗಲಿಲ್ಲ. "ನಮ್ಮನೆಯವರು ಒಂದು ಕಡ್ಡಿ ಕದ್ದೋರಲ್ಲ ಮೇಡಂ. ಕೆಲಸ ತೆಗೀಬೇಡಿ."

"ನೀನು ಸುಮ್ನಿರೇ," ಎಂದ ಹುಲ್ಲಣ್ಣ. ಪೆಟ್ಟಿಗೆಯ ಪಕ್ಕ ಬಂದು ನಿಂತ. "ಬರ್ಕೊಳ್ಳಿ ಮೇಡಂ. ಏನು ಬೇಕಾದ್ರೂ ಬರ್ಕೊಳ್ಳಿ. ಆದ್ರೆ ಇವನ್ನ ವಾಪಸ್ ಕೇಳಬೇಡಿ. ಎರಡನ್ನ ನಿಮ್ಮ ಮೇಜಿನ ಮೇಲಿಟ್ಟು ಬಂದೆ. ಈ ಜನ್ಮಕ್ಕೆ ಅಷ್ಟು ಸಾಕು."

ಮೇಡಂ ಚೀಟಿ ಮಡಚಿದರು. ಹೆಂಡತಿ ತಂದ ನೀರನ್ನು ಒಂದೇ ಗುಟುಕಿಗೆ ಕುಡಿದರು.

"ಅವೆರಡೂ ನಮ್ಮನೆ ಸ್ನಾನದ ತೊಟ್ಟೀಲಿವೆ ಹುಲ್ಲಣ್ಣ. ಬೆಳಗ್ಗೆಯಿಂದ ಏನೂ ಮುಟ್ತಿಲ್ಲ. ಬೇಗ ಹುಲ್ಲು ತಗೊಂಡು ಬನ್ನಿ."